ರಾಜಧಾನಿಯಲ್ಲಿ ಒಂದು ಹಗಲು: ಕಲೆಯ ದರ್ಶನ, ಕಾಯಕದ ದರ್ಶನ

ಮಗನ ನೌಕರಿ, ಮಗಳ ಮನೆ, ಬೀಗರ ಕಡೆಯ ಲಗ್ನ, ಮಕ್ಕಳ ಪರೀಕ್ಷೆ, ಆಸ್ಪತ್ರೆಯ ತಪಾಸಣೆ, ಹೀಗೆ ಒಂದಿಲ್ಲೊಂದು ಕಾರಣದಿಂದ ಬೆಂಗಳೂರಿಗೆ ಹೋಗಿಬರುವುದು ಇಂದು ನಮ್ಮ ಎಲ್ಲ ಮನೆತನಗಳಿಗೂ ಸಾಮಾನ್ಯವಾಗಿದೆ. ಬಂದ ಕೆಲಸ ಮುಗಿದ ಮೇಲೂ ರಾತ್ರಿಯ ಬಸ್ಸಿಗೋ ರೈಲಿಗೋ ಒಂದು ಹಗಲು ಉಳಿದಿರುತ್ತದೆ. ಆ ಹಗಲನ್ನು ಬಹುಮಂದಿ ಮಾಲ್‌ಗಳಲ್ಲಿ ತಿರುಗಿ ಕಳೆಯುತ್ತಾರೆ. ಕೊಂಡದ್ದು ಅಲ್ಪ, ದಣಿದದ್ದು ಬಹಳ ಎಂಬಂತಾಗಿ ಊರಿಗೆ ಮರಳುತ್ತಾರೆ. ಆ ಒಂದು ಹಗಲಿಗೆ ಇನ್ನೊಂದು ದಾರಿಯನ್ನು ಓದುಗ ಬಂಧುಗಳಿಗೆ ಸೂಚಿಸುವುದೇ ಈ ಲೇಖನದ ಉದ್ದೇಶ.

‘ಚಿತ್ರಶಾಲೆ, ನಾಟಕಶಾಲೆಗಳು ಉಳ್ಳವರ ವಿಲಾಸ; ಭಕ್ತರಾದ ನಮಗೇಕೆ?’ ಎಂದು ಕೆಲವರು ಕೇಳಬಹುದು. ಹನ್ನೆರಡನೆಯ ಶತಮಾನದ ಶರಣಸಂಕುಲವನ್ನು ಒಮ್ಮೆ ನೆನೆಯೋಣ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಿದಿರಿನ ಕಾಯಕದ ಮೇದಾರ ಕೇತಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಇವರೆಲ್ಲ ಕೈಯ ಕೆಲಸವನ್ನೇ ಪೂಜೆಯ ಎತ್ತರಕ್ಕೆ ಏರಿಸಿದವರು. ವೇಷ ಕಟ್ಟಿ ಕುಣಿಯುವ ಬಹುರೂಪಿ ಚೌಡಯ್ಯನೂ ಆ ಬಳಗದಲ್ಲಿ ಸಮಾನಗೌರವ ಪಡೆದ ವಚನಕಾರನೇ. ಒಳ್ಳೆಯ ಕಲಾಕೃತಿಯೆಂದರೆ ಯಾರೋ ಒಬ್ಬರು ಶ್ರದ್ಧೆಯಿಂದ ನಡೆಸಿದ ಕಾಯಕದ ಉಳಿದ ಗುರುತು. ಅದನ್ನು ನೋಡಲು ಹೋಗುವುದು ಆ ಕಾಯಕಕ್ಕೆ ಸಲ್ಲಿಸುವ ಶರಣಾರ್ಥಿ.

ಕಲ್ಲು ಹೇಳುವ ಕಥೆ

ಮೆಜೆಸ್ಟಿಕ್‌ನಿಂದ ಮೆಟ್ರೊ ರೈಲು ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಸ್ತೂರ್ಬಾ ರಸ್ತೆ ಸಮೀಪದಲ್ಲಿಯೇ ಇದೆ. ಈ ಒಂದೇ ರಸ್ತೆಯಲ್ಲಿ 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಮಗ್ಗುಲಿಗೆ ವೆಂಕಟಪ್ಪ ಚಿತ್ರಶಾಲೆ, ಮಕ್ಕಳು ಬಿಟ್ಟು ಬರಲೊಲ್ಲದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಇಷ್ಟೂ ಇವೆ.

ಸರ್ಕಾರಿ ಸಂಗ್ರಹಾಲಯದ ಹೆಮ್ಮೆಯ ವಸ್ತುಗಳಲ್ಲಿ ಆತಕೂರು ಶಾಸನವೂ ಒಂದು. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಆತಕೂರಿನಿಂದ ತಂದ ಈ ಕಲ್ಲು ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಕೂಡಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಸಂಗತಿ ಇದರಲ್ಲಿದೆ. ಆದರೆ ನೋಡುವವರ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೆಯೇ ಒಂದು ಪ್ರಸಂಗ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ‘ಏನು ಬೇಕೋ ಕೇಳು’ ಎಂದು ಒಡೆಯನು ಮೆಚ್ಚಿ ನುಡಿದಾಗ, ಆತ ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಒಂದು ಮಹಾವರಾಹದೊಡನೆ ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಯ ಕಾಳಗ ಇಂದಿಗೂ ಕಾಣುತ್ತದೆ.

ಸಾವಿರಕ್ಕೂ ಮಿಗಿಲಾದ ವರ್ಷಗಳ ಹಿಂದೆ ನಮ್ಮ ನಾಡಿನವರು ಒಂದು ನಾಯಿಯ ನಿಷ್ಠೆಗೆ ಕಲ್ಲು ನಿಲ್ಲಿಸಿದರೆಂಬುದನ್ನು ಮೊಮ್ಮಕ್ಕಳಿಗೆ ಹೇಳಿನೋಡಿ. ಇತಿಹಾಸವೆಂದರೆ ಇಸವಿಗಳ ಪಟ್ಟಿಯೆಂದು ಬೇಸತ್ತ ಮಗುವಿನ ಕಣ್ಣು ಅರಳದೆ ಇರದು.

ಕುಂಚ ಮತ್ತು ವೀಣೆ

ಕೆ. ವೆಂಕಟಪ್ಪನವರು (1886–1965) ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. ಉದಕಮಂಡಲ, ಕೊಡೈಕೆನಾಲ್‌ಗಳ ಬೆಟ್ಟ, ಮಂಜು, ಬೆಳಕುಗಳನ್ನು ಜಲವರ್ಣದಲ್ಲಿ ಹಿಡಿದಿಟ್ಟ ಅವರ ಚಿತ್ರಗಳು ಗಾತ್ರದಲ್ಲಿ ಚಿಕ್ಕವು, ತಾಳ್ಮೆಯಲ್ಲಿ ದೊಡ್ಡವು. ಗಚ್ಚಿನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದ ಅದೇ ಕೈಗಳು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತವು. ಮದುವೆಯಾಗದೆ, ಹಣಕ್ಕೆ ಕೈಯೊಡ್ಡದೆ, ಕಲೆಯನ್ನೇ ವ್ರತವಾಗಿ ಹಿಡಿದು ಬಾಳಿದ ಈ ಮಹನೀಯರ ಜೀವನವನ್ನು ತಿಳಿದು ಚಿತ್ರಗಳ ಮುಂದೆ ನಿಂತರೆ, ನೋಟಕ್ಕೆ ಬೇರೊಂದು ಅರ್ಥ ಬರುತ್ತದೆ.

ಸಂತೆಯಲ್ಲಿ ಚಿತ್ರ

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಆರಂಭವಾದುದು. ಎಂ. ಎಸ್. ನಂಜುಂಡರಾಯರು ಕಟ್ಟಿ ಬೆಳೆಸಿದ ಈ ಸಂಸ್ಥೆಯಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳು, ತೊಗಲುಗೊಂಬೆಗಳು, ರೋರಿಕ್ ಅವರ ಹಿಮಾಲಯದ ಚಿತ್ರಗಳು ಇವೆ. ನಮ್ಮ ಹಳ್ಳಿಯ ಜಾತ್ರೆಯ ರಾತ್ರಿಗಳಲ್ಲಿ ದೀಪದ ಮುಂದೆ ಕುಣಿದ ತೊಗಲುಗೊಂಬೆಗಳನ್ನು ಇಲ್ಲಿ ಕಂಡಾಗ ಹಿರಿಯರಿಗೆ ಬಾಲ್ಯವೇ ಎದುರು ನಿಂತಂತಾಗುತ್ತದೆ.

ಇದೇ ಪರಿಷತ್ತು ಎರಡು ದಶಕಗಳಿಂದ ಚಿತ್ರಸಂತೆಯನ್ನು ನಡೆಸಿಕೊಂಡು ಬಂದಿದೆ. ಸಾಮಾನ್ಯವಾಗಿ ಹೊಸವರ್ಷದ ಮೊದಲ ಭಾನುವಾರಗಳಲ್ಲೊಂದು ದಿನ ರಸ್ತೆಯ ವಾಹನಸಂಚಾರವೇ ನಿಂತು, ಇಬ್ಬದಿಗೂ ಕಲಾವಿದರು ಚಿತ್ರಗಳನ್ನು ಹರಡಿ ಕೂಡುತ್ತಾರೆ. ನಾಡಿನ ಮೂಲೆಮೂಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದವರು ಅಲ್ಲಿರುತ್ತಾರೆ. ಕಾಯಿಪಲ್ಲೆಯ ಸಂತೆಯಲ್ಲಿ ರೈತನನ್ನು ಮಾತನಾಡಿಸುವಂತೆಯೇ ಇಲ್ಲಿ ಚಿತ್ರ ಬರೆದವರನ್ನೇ ಮಾತನಾಡಿಸಬಹುದು. ಶಕ್ತಿಯಿದ್ದವರು ಒಂದು ಚಿಕ್ಕ ಚಿತ್ರವನ್ನಾದರೂ ಕೊಂಡು ಮನೆಯ ಗೋಡೆಗೆ ಹಾಕಲಿ. ಚೌಕಾಶಿ ಮಾಡುವಾಗ ಅದರ ಹಿಂದಿನ ದುಡಿಮೆಯನ್ನು ನೆನೆಯಲಿ.

ಸಂಜೆಯ ಹೊತ್ತು

ಸಂಜೆ ಉಳಿಯುವವರಿಗೆ ನಾಟಕ, ಸಂಗೀತಗಳುಂಟು. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ ಕನ್ನಡ ರಂಗಭೂಮಿಯ ದೊಡ್ಡ ಮನೆ. ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ವೀರಣ್ಣನವರ ಹೆಸರಿನ ರಂಗಮಂದಿರ ಗಾಂಧಿನಗರದಲ್ಲಿದೆ. ಜಯಪ್ರಕಾಶ ನಗರದಲ್ಲಿ 2004ರಿಂದ ನಡೆದಿರುವ ರಂಗಶಂಕರದಲ್ಲಿ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುತ್ತಾರೆ. ತಡವಾಗಿ ಬಂದವರು ಎಷ್ಟೇ ದೊಡ್ಡವರಾದರೂ ಹೊರಗೇ ಉಳಿಯಬೇಕು. ಈ ಶಿಸ್ತನ್ನು ನಮ್ಮ ಸಭೆ ಸಮಾರಂಭಗಳೂ ಕಲಿಯುವುದು ಒಳ್ಳೆಯದು. ಚಾಮರಾಜಪೇಟೆಯಲ್ಲಿ 1939ರಿಂದ ಶ್ರೀರಾಮಸೇವಾ ಮಂಡಳಿ ನಡೆಸುವ ರಾಮನವಮಿಯ ಸಂಗೀತೋತ್ಸವವಂತೂ ಬೇಸಿಗೆಯಲ್ಲಿ ವಾರಗಟ್ಟಲೆ ಸಾಗುತ್ತದೆ.

ನೋಡುವ ಬಗೆ

ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಆಸೆ ಬೇಡ. ಒಂದು ಹಗಲಿಗೆ ಒಂದು ಸ್ಥಳ, ಹೆಚ್ಚೆಂದರೆ ಎರಡು ಸಾಕು. ಬಹುತೇಕ ಸಂಗ್ರಹಾಲಯಗಳಿಗೆ ಸೋಮವಾರ ರಜೆ. ದುರಸ್ತಿಗಾಗಿ ಕೆಲವು ಅಂಕಣಗಳನ್ನು ಮುಚ್ಚುವುದೂ ಉಂಟು. ಆದಕಾರಣ ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಬೇಕು. ಒಳಗೆ ಹೋದ ಮೇಲೆ ಪ್ರತಿ ಕೊಠಡಿಯಲ್ಲಿ ಒಂದೊಂದೇ ವಸ್ತುವನ್ನು ಆರಿಸಿಕೊಂಡು ಅದರ ಮುಂದೆ ಐದು ನಿಮಿಷ ಮೌನವಾಗಿ ನಿಲ್ಲಿ. ಇದನ್ನು ಯಾರು ಮಾಡಿರಬೇಕು, ಯಾತರಿಂದ ಮಾಡಿರಬೇಕು, ಎಷ್ಟು ದಿನ ಹಿಡಿದಿರಬೇಕು ಎಂದು ಮಕ್ಕಳನ್ನು ಕೇಳಿ. ಫೋಟೊ ತೆಗೆಯುವುದು ಆಮೇಲೆ ಇರಲಿ. ಮೊದಲು ಕಣ್ಣು ನೋಡಲಿ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ದೃಷ್ಟಿಯನ್ನು ನಿಲ್ಲಿಸುವ ಅಭ್ಯಾಸವುಳ್ಳ ನಮಗೆ ಇದು ಕಷ್ಟವಾಗಲಾರದು.

ಮರಳಿ ಮನೆಗೆ

ಇಷ್ಟನ್ನು ಬರೆಯಲು ನನಗೊಂದು ಹಳೆಯ ನೋವೂ ಕಾರಣ. ನಾನು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಅಲ್ಲಿನ ಅಟ್ಟದ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ತಾಡೋಲೆಯ ಕಟ್ಟುಗಳಿದ್ದವು. ಒಂದು ಮಳೆಗಾಲ ಮಾಳಿಗೆ ಸೋರಿ ಅವುಗಳಿಗೆ ಗೆದ್ದಲು ಹತ್ತಿತು. ಪವಿತ್ರವಾದ ಓಲೆಗಳು ಕಾಲಡಿಗೆ ಬರಬಾರದೆಂಬ ಭಕ್ತಿಯಿಂದಲೇ ಹಿರಿಯರು ಅವುಗಳಿಗೆ ವಿಭೂತಿ ಧರಿಸಿ, ಪತ್ರೆಯೇರಿಸಿ, ಹೊಳೆಗೆ ಬಿಡಿಸಿದರು. ಹೊತ್ತು ನಡೆದ ಹುಡುಗರಲ್ಲಿ ನಾನೂ ಒಬ್ಬ. ಓಲೆಗಳು ತೇಲುತ್ತ ಹೋದುದನ್ನು ಕಂಡು ನಾವು ಕೈಮುಗಿದೆವು. ಬಿಚ್ಚಿ ಓದಿ ನೋಡಿದವರು ಯಾರೂ ಇರಲಿಲ್ಲ. ಮುಂದೆ ಹಳೆಯ ಲಿಪಿಯನ್ನು ಓದುವ ವಿದ್ಯೆ ನನಗೆ ಕೈವಶವಾದಾಗ ಓದಬೇಕಾದ ಆ ಓಲೆಗಳೇ ಇರಲಿಲ್ಲ. ಆತಕೂರಿನ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಆ ಹೊಳೆಯ ದಂಡೆ ನೆನಪಾಗುತ್ತದೆ. ಒಂದು ನಾಯಿಯ ಕಥೆ ಉಳಿಯಿತು. ಆ ಓಲೆಗಳಲ್ಲಿ ಯಾವ ಶರಣರ ನುಡಿಗಳಿದ್ದವೋ, ಅವು ಹೋದವು.

ಉಳಿಸಿದವರ ನಿದರ್ಶನಗಳೂ ನಮ್ಮ ಮುಂದಿವೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಬ್ಬ ಪಂಡಿತರು ತಂದೊಪ್ಪಿಸಿದ ಓಲೆಯ ಕಟ್ಟಿನಿಂದಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಬೆಳಕಿಗೆ ತಂದರು. ಫ. ಗು. ಹಳಕಟ್ಟಿಯವರು ಮನೆಮನೆಗಳ ಓಲೆಗರಿಗಳನ್ನು ಅರಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸದೇ ಇದ್ದಿದ್ದರೆ, ಇಂದು ನಮ್ಮ ಮನೆಗಳಲ್ಲಿ ವಚನಗಳ ಪಾರಾಯಣ ಎಷ್ಟರಮಟ್ಟಿಗೆ ಇರುತ್ತಿತ್ತೆಂದು ಯೋಚಿಸಬೇಕು.

ಆದ್ದರಿಂದ ಸಂಗ್ರಹಾಲಯದ ದರ್ಶನ ಪೂರ್ಣವಾಗುವುದು ಮನೆಗೆ ಮರಳಿದ ಮೇಲೆಯೇ. ನಿಮ್ಮ ಅಟ್ಟವನ್ನೊಮ್ಮೆ ನೋಡಿ. ಓಲೆಯ ಕಟ್ಟುಗಳಿದ್ದರೆ ನೀರಿಗೂ ಬಿಡಬೇಡಿ, ಗುಜರಿಗೂ ಹಾಕಬೇಡಿ, ತೊಳೆಯಲೂ ಹೋಗಬೇಡಿ. ಒಣಗಿದ ಜಾಗದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೋ ತಿಳಿಸಿ. ಅಜ್ಜಿಯ ಕೌದಿ, ಅಜ್ಜನ ಏಕತಾರಿ, ಬೆಳ್ಳಿಯ ಕರಡಿಗೆ, ಹಳೆಯ ಇಳಕಲ್ಲ ಸೀರೆ ಇವುಗಳಿಗೆ ಒಂದೊಂದು ಚೀಟಿ ಕಟ್ಟಿ, ಯಾರದು, ಯಾವ ಊರಿನದು ಎಂದು ಮಕ್ಕಳ ಕೈಯಿಂದಲೇ ಬರೆಸಿಡಿ.

ರಾಜಧಾನಿಯಲ್ಲಿ ಕಳೆದ ಒಂದು ಹಗಲು ನಮ್ಮ ಮನೆಯ ಅಟ್ಟಕ್ಕೆ ದೀಪ ಹಿಡಿಯುವಂತಾದರೆ, ಆ ಪ್ರಯಾಣ ಸಾರ್ಥಕ.