ನೆಲದಡಿಯ ಕಂಬಕ್ಕೆ ಅಂಕ ಕೊಟ್ಟವರಾರು?

1985ರಲ್ಲಿ ಹಾಂಗ್‌ಕಾಂಗಿನ ಆಡಳಿತ ಬೆಚ್ಚಿಬೀಳಿಸುವ ಸುದ್ದಿಯೊಂದನ್ನು ಹೊರಹಾಕಿತು. ಸರ್ಕಾರಿ ವಸತಿ ಬಡಾವಣೆಗಳ 26 ಕಟ್ಟಡಗಳ ಕಾಂಕ್ರೀಟು ತೀರಾ ಕಳಪೆ, ಕೆಡವದೆ ವಿಧಿಯಿಲ್ಲ! ಸಾವಿರಾರು ಜನ ಮನೆ ಖಾಲಿ ಮಾಡಬೇಕಾಯಿತು. ಭ್ರಷ್ಟಾಚಾರ ನಿಗ್ರಹ ಆಯೋಗ ತನಿಖೆಗಿಳಿಯಿತು.

ಆ ಹಗರಣದ ನಂತರ, ತೊಂಬತ್ತರ ದಶಕದ ಆರಂಭದಲ್ಲಿ, ಅಲ್ಲಿನ ವಸತಿ ಪ್ರಾಧಿಕಾರ ಗುತ್ತಿಗೆದಾರರಿಗೆ ಅಂಕ ಕೊಡುವ ‘ಪಾಸ್’ ಪದ್ಧತಿ ತಂದಿತು. ಕೆಲಸ ನಡೆಯುವಾಗಲೇ ಪರಿಶೀಲನೆ, ಅಂಕಗಳ ಹೋಲಿಕೆ, ಮೇಲಿದ್ದವರಿಗೆ ಹೆಚ್ಚು ಟೆಂಡರ್ ಅವಕಾಶ, ಕೆಳಗಿದ್ದವರಿಗೆ ಕಡಿಮೆ. ಕಳಪೆ ಕೆಲಸದ ನಷ್ಟ ಗುತ್ತಿಗೆದಾರನ ಮುಂದಿನ ಸಂಪಾದನೆಗೇ ತಟ್ಟಿತು.

ಸಿಂಗಪುರ 1989ರಲ್ಲೇ ಕಟ್ಟಡದ ಗುಣಮಟ್ಟಕ್ಕೆ ಅಂಕ ಕೊಡುವ ‘ಕಾನ್‌ಕ್ವಾಸ್’ ಪದ್ಧತಿ ಆರಂಭಿಸಿತ್ತು. ಅಲ್ಲಿ ಪರೀಕ್ಷಕರು ಟೈಲ್ಸ್ ತಟ್ಟಿ ಟೊಳ್ಳು ಸದ್ದಿಗೆ ಕಿವಿಗೊಡುತ್ತಾರೆ. ಅಂಕ ಬಿದ್ದ ಮೇಲೆ ದೋಷ ಸರಿಪಡಿಸಿದರೂ ಅಂಕ ಏರುವುದಿಲ್ಲ. ಮೊದಲ ಸಲವೇ ಸರಿಯಾಗಿ ಮಾಡಬೇಕೆಂಬ ಈ ಹಟವೇ ಅದರ ಜೀವಾಳ. ಮಲೇಷ್ಯಾ 2006ರಲ್ಲಿ ಇಂಥದೇ ‘ಕ್ಲಾಸಿಕ್’ ರೂಪಿಸಿತು. ಬ್ರಿಟನ್ನಿನಲ್ಲಿ ನಿರ್ಮಾಣ ಉದ್ಯಮ ಕುರಿತ 1998ರ ಈಗನ್ ವರದಿಯ ಬೆನ್ನಿಗೆ ವೆಚ್ಚ, ಅವಧಿ, ದೋಷ, ಮಾಲೀಕರ ತೃಪ್ತಿಯನ್ನು ಅಳೆಯುವ ಸೂಚ್ಯಂಕಗಳು ಬಂದವು. ಒಬ್ಬೊಬ್ಬರು ಅಳೆಯುವುದು ಒಂದೊಂದನ್ನು. ಹಾಗಾಗಿ ಒಂದು ದೇಶದ 90 ಅಂಕವನ್ನು ಇನ್ನೊಂದು ದೇಶದ 90ರ ಪಕ್ಕ ಇಟ್ಟು ತೂಗಲಾಗದು.

ಅಂಕಪಟ್ಟಿ ಇದ್ದರೂ ಹಾಂಗ್‌ಕಾಂಗ್ ಮತ್ತೆ ಎಡವಿತು. ಶಾ ಟಿನ್‌ನ ಯುಯೆನ್ ಚೌ ಕೋಕ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಮಹಡಿ ಎದ್ದಿದ್ದ ಎರಡು ಕಟ್ಟಡಗಳ ಅಡಿಪಾಯದ ಪೈಲ್‌ಗಳು, ಅಂದರೆ ನೆಲದಡಿಯ ಕಂಬಗಳು, ಗಟ್ಟಿ ಬಂಡೆಯನ್ನು ಮುಟ್ಟಿರಲೇ ಇಲ್ಲ. ಎರಡನ್ನೂ ಕೆಡವಲಾಯಿತು. 2000ದ ಜೂನ್‌ನಲ್ಲಿ ಪ್ರಾಧಿಕಾರದ ಅಧ್ಯಕ್ಷೆ ರೊಸಾನಾ ವಾಂಗ್ ರಾಜೀನಾಮೆ ಕೊಟ್ಟರು. ನಿರ್ಮಾಣ ಉದ್ಯಮವನ್ನು ಪರಿಶೀಲಿಸಿದ ಹೆನ್ರಿ ಟ್ಯಾಂಗ್ ಸಮಿತಿ 2001ರಲ್ಲಿ 109 ಶಿಫಾರಸುಗಳನ್ನು ಮುಂದಿಟ್ಟಿತು. ಕಣ್ಣಿಗೆ ಕಾಣುವ ಗೋಡೆ, ನೆಲಕ್ಕಷ್ಟೇ ಅಂಕ ಕೊಟ್ಟರೆ ಸಾಲದು. ಮಣ್ಣಲ್ಲಿ ಹುದುಗುವುದನ್ನು ಮುಚ್ಚುವ ಮುನ್ನ ಅಳೆಯಬೇಕು. ಆ ಊರು ಇದನ್ನು ಕಲಿಯಲು ತೆತ್ತ ಬೆಲೆ ದೊಡ್ಡದು.

ನಮ್ಮಲ್ಲಿ? ಕರ್ನಾಟಕದ ಸರ್ಕಾರಿ ಖರೀದಿಗಳಿಗೆ ಸಂಬಂಧಿಸಿದ 1999ರ ಪಾರದರ್ಶಕತೆ ಕಾಯ್ದೆಯಡಿ ಅರ್ಹರ ಪೈಕಿ ಕಡಿಮೆ ದರ ನಮೂದಿಸಿದವರಿಗೇ ಕೆಲಸ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕೆಲವು ಕಾಮಗಾರಿಗಳಲ್ಲಿ ಗುಣಮಟ್ಟಕ್ಕೂ ತೂಕ ಕೊಡಲು ಅವಕಾಶ ಮಾಡಿತು. ಅದಕ್ಕೂ ಗರಿಷ್ಠ ಮಿತಿ ಶೇ 30. ಮಳೆಗಾಲಕ್ಕೊಮ್ಮೆ ಕಿತ್ತುಹೋಗುವ ರಸ್ತೆ ಮಾಡಿದವರು ಮುಂದಿನ ಟೆಂಡರಿನಲ್ಲಿ ಎಲ್-1 (ಅತಿ ಕಡಿಮೆ ದರ ನಮೂದಿಸಿದವರು) ಆಗಿ ಮರಳುವುದನ್ನು ಇನ್ನೆಷ್ಟು ದಿನ ಸಹಿಸುವುದು? ಪ್ರತಿ ಗುತ್ತಿಗೆದಾರನ ಹಿಂದಿನ ಕೆಲಸಕ್ಕೆ ಅಂಕ ಕೊಟ್ಟು, ಅದನ್ನು ಜನರ ಮುಂದಿಟ್ಟು, ಮುಂದಿನ ಟೆಂಡರಿಗೆ ಜೋಡಿಸುವ ಕೆಲಸವನ್ನು ಸರ್ಕಾರ ಇನ್ನಾದರೂ ಕೈಗೆತ್ತಿಕೊಳ್ಳಲಿ.