ಶಿವನಸಮುದ್ರ: ಕಾವೇರಿಯ ನಡುಗಡ್ಡೆಯಲ್ಲಿ ನೋಡತಕ್ಕ ತಾಣಗಳು

ಸುತ್ತಲೂ ನೀರು ಬಳಸಿದ ನೆಲವೇ ದ್ವೀಪವೆಂದು ಭೂಗೋಳದ ಪಾಠದಲ್ಲಿ ಹೇಳಿಕೊಡುವಾಗ ನಾವು ದೂರದ ಕಡಲುಗಳ ಉದಾಹರಣೆಗಳನ್ನು ಹುಡುಕುತ್ತೇವೆ. ಕೆರಿಬಿಯನ್ ದ್ವೀಪಗಳ ಹೆಸರನ್ನು ಒಪ್ಪಿಸಬಲ್ಲ ಬಾಲಕನಿಗೆ, ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿರುವ ಶಿವನಸಮುದ್ರವೂ ಒಂದು ದ್ವೀಪವೆಂಬುದು ಎಷ್ಟೋ ವೇಳೆ ತಿಳಿದಿರುವುದಿಲ್ಲ.

ಇಲ್ಲಿ ಕಾವೇರಿಯು ಎರಡು ಕವಲಾಗಿ ನಡುಗಡ್ಡೆಯನ್ನು ಬಳಸಿ ಹರಿಯುತ್ತಾಳೆ. ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಧುಮುಕಿ, ಮುಂದೆ ಮತ್ತೆ ಒಂದಾಗುತ್ತವೆ. ಗಗನಚುಕ್ಕಿಯನ್ನು ಮಳವಳ್ಳಿಯ ಕಡೆಯ ದಂಡೆಯಿಂದ ನೋಡುವುದು ಚೆನ್ನ. ಮಳೆಗಾಲವೇ ಇದಕ್ಕೆ ತಕ್ಕ ಸಮಯ. ಆದರೆ ಪಾಚಿಗಟ್ಟಿದ ಬಂಡೆಗಳ ಮೇಲೆ ಮಕ್ಕಳನ್ನು ಬಿಡಲಾಗದು. ಈ ವಿಷಯದಲ್ಲಿ ಉಪಾಧ್ಯಾಯರ ಎಚ್ಚರ ಎಷ್ಟಿದ್ದರೂ ಕಡಿಮೆಯೇ.

ನಡುಗಡ್ಡೆಯೊಳಗೆ ಮಧ್ಯರಂಗನೆಂದು ಹೆಸರಾದ ರಂಗನಾಥಸ್ವಾಮಿಯ ದೇವಾಲಯವಿದೆ. ಶ್ರೀರಂಗಪಟ್ಟಣದವನು ಆದಿರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಸಮೀಪದಲ್ಲಿಯೇ ಸೋಮೇಶ್ವರ ದೇವಾಲಯವಿದೆ. ಗಗನಚುಕ್ಕಿಯ ಬಳಿ ದರ್ಗಾ ಒಂದಿದೆ. ಕಲ್ಲುಕಂಬಗಳ ಮೇಲೆ ನಿಲ್ಲಿಸಿದ ಹಳೆಯ ಸೇತುವೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರಾಮಸ್ವಾಮಿ ಮೊದಲಿಯಾರರು ಊರ್ಜಿತಗೊಳಿಸಿದರು. 2018ರ ನೆರೆಯಲ್ಲಿ ಅದರ ಒಂದು ಭಾಗ ಕುಸಿಯಿತು. ಉಳಿದುದನ್ನಾದರೂ ನಮ್ಮ ಮಕ್ಕಳು ಕಣ್ಣಾರೆ ಕಾಣಬೇಕು.

ಇವೆಲ್ಲಕ್ಕಿಂತ ಹೆಚ್ಚು ಪಾಠ ಹೇಳುವುದು ವಿದ್ಯುದಾಗಾರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಯೋಜನೆಯಂತೆ ಇದು ರೂಪುಗೊಂಡಿತು. ನದಿಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಕೊಳವೆಗಳ ಮೂಲಕ ಕಣಿವೆಗಿಳಿಸಿ, ಆ ರಭಸದಿಂದ ಯಂತ್ರಗಳನ್ನು ತಿರುಗಿಸುವುದೇ ಇದರ ತತ್ತ್ವ. 1902ರಲ್ಲಿ ಇಲ್ಲಿಯ ವಿದ್ಯುತ್ತು 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರು, ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಜಗತ್ತಿನ ಅಂದಿನ ಅತಿ ದೀರ್ಘ ತಂತಿಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1901ರಲ್ಲಿಯೇ ತೀರಿಕೊಂಡ ಶೇಷಾದ್ರಿ ಅಯ್ಯರ್ ಅವರು ಈ ಬೆಳಕನ್ನು ಕಾಣಲಿಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಈ ಆಗಾರ ಮಾತ್ರ ಅವುಗಳ ನಂತರವೂ ಉಳಿದಿದೆ.

ಇನ್ನೊಂದು ಸಂಗತಿ ನಮ್ಮ ಹೊಲಗಳಿಗೇ ಸಂಬಂಧಿಸಿದ್ದು. ಬೇಸಿಗೆಯಲ್ಲಿ ನದಿ ಬಡವಾದಾಗ ಯಂತ್ರಗಳಿಗೆ ನೀರು ಸಾಲದು. ವರ್ಷವಿಡೀ ಸಮನಾದ ಹರಿವು ದೊರೆಯಬೇಕೆಂಬುದು, 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಮೊದಲಾಗಲು ಒಂದು ಮುಖ್ಯ ಕಾರಣ. ಅದೇ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ಭತ್ತವನ್ನೂ ಕಬ್ಬನ್ನೂ ತಂದಿತು. ದೂರದ ಗಣಿಗೆ ಬೆಳಕು ಕೊಡಹೊರಟ ಯತ್ನವು ಹೀಗೆ ನಮ್ಮ ಮನೆಯ ಅನ್ನಕ್ಕೂ ನೆರವಾಯಿತು.

ಶಾಲೆಯ ಪ್ರವಾಸವು ಜಲಪಾತದೆದುರು ಬುತ್ತಿ ಬಿಚ್ಚುವುದರಲ್ಲಿಯೇ ಮುಗಿಯಬಾರದು. ಕಾಯಕ ದಾಸೋಹಗಳನ್ನು ಬೋಧಿಸುವ ಮಠದ ಶಾಲೆಗೆ, ದುಡಿದು ಎಲ್ಲರಿಗೂ ಹಂಚುವ ಈ ನದಿಗಿಂತ ಒಳ್ಳೆಯ ಪಾಠ ಬೇರೆಲ್ಲಿ ದೊರೆತೀತು? ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ವರ್ಷಕ್ಕೊಂದು ತಂಡವನ್ನಾದರೂ ಇಲ್ಲಿಗೆ ಕಳುಹಿಸಿಕೊಟ್ಟರೆ, ಆ ಬೆಳಕು ಇನ್ನೊಂದು ತಲೆಮಾರಿಗೆ ತಲುಪಿದಂತಾಗುತ್ತದೆ.