ಬಡಗಿಯ ವಿದ್ಯೆ, ವೈದ್ಯನ ಕೈ

ಬೈಬಲ್ಲಿನಲ್ಲಿ ಒಂದು ಸಾಮತಿಯುಂಟು. ಪರದೇಶಕ್ಕೆ ಹೊರಟ ಯಜಮಾನನೊಬ್ಬನು ತನ್ನ ಮೂವರು ಸೇವಕರ ವಶಕ್ಕೆ ಹಣವನ್ನು ಒಪ್ಪಿಸಿ ಹೋಗುತ್ತಾನೆ. ಇಬ್ಬರು ಅದನ್ನು ದುಡಿಸಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ಭಯದಿಂದ ನೆಲದಲ್ಲಿ ಹೂತಿಡುತ್ತಾನೆ. ಯಜಮಾನನ ಕೋಪಕ್ಕೆ ಗುರಿಯಾದವನು ಹಣವನ್ನು ಕದ್ದವನಲ್ಲ, ಪೋಲು ಮಾಡಿದವನೂ ಅಲ್ಲ, ಹೂತಿಟ್ಟವನು. ದೇವರಿತ್ತ ಶಕ್ತಿಯು ಪರರಿಗಾಗಿ ವ್ಯಯವಾಗಬೇಕೆಂಬುದೇ ಇದರ ತಾತ್ಪರ್ಯ. ಈ ತಾತ್ಪರ್ಯವನ್ನು ಬದುಕಿ ತೋರಿಸಿದವರಲ್ಲಿ ವೆಲ್ಲೂರಿನ ಡಾಕ್ಟರ್ ಪಾಲ್ ಬ್ರ್ಯಾಂಡರು ಒಬ್ಬರು.

ಬ್ರ್ಯಾಂಡರು ಹುಟ್ಟಿದ್ದು ೧೯೧೪ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯ ಮಿಷನರಿ ದಂಪತಿಗಳ ಮಗನಾಗಿ. ತಂದೆ ಬೆಟ್ಟದ ಜನರಿಗೆ ಔಷಧ ಕೊಡುತ್ತಿದ್ದರು, ಮರಗೆಲಸವನ್ನೂ ಕಲಿಸುತ್ತಿದ್ದರು. ಮಗನಿಗೆ ಗಾಯ, ಕೀವುಗಳನ್ನು ಕಂಡರೆ ಹೇಸಿಗೆ. ವೈದ್ಯವೃತ್ತಿ ಬೇಡವೇ ಬೇಡವೆಂಬ ಹಠ. ೧೯೨೯ರಲ್ಲಿ ತಂದೆ ಅದೇ ಬೆಟ್ಟದಲ್ಲಿ ಜ್ವರದಿಂದ ತೀರಿಕೊಂಡಾಗ ಬಾಲಕನು ಇಂಗ್ಲೆಂಡಿನಲ್ಲಿ ಓದುತ್ತಿದ್ದನು. ಶಾಲೆ ಮುಗಿದ ಮೇಲೆ ಮಿಷನರಿಯಾಗುವ ಉದ್ದೇಶದಿಂದಲೇ ಕೆಲವು ವರ್ಷ ಬಡಗಿಯ ಮತ್ತು ಗಾರೆಯ ಕೆಲಸಗಳನ್ನು ಕಲಿತನು. ಬಳಿಕ ಮನಸ್ಸು ತಿರುಗಿತು. ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಓದಿ, ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಶಸ್ತ್ರವೈದ್ಯರಾಗಿ ಬಂದರು. ಉಳಿ, ಬಾಚಿ ಹಿಡಿದು ಕಳೆದ ವರ್ಷಗಳು ವ್ಯರ್ಥವಾದುವೆಂದೇ ಯಾರಿಗಾದರೂ ತೋರುವಂತಿತ್ತು.

೧೯೪೭ರಲ್ಲಿ ಅವರು ಚೆಂಗಲ್ಪಟ್ಟಿನ ಕುಷ್ಠರೋಗ ಚಿಕಿತ್ಸಾಲಯಕ್ಕೆ ಹೋದರು. ಕೊಕ್ಕೆಯಂತೆ ಬಾಗಿದ ಬೆರಳುಗಳ ರೋಗಿಯೊಬ್ಬನಿಗೆ ತಮ್ಮ ಕೈಯನ್ನು ಹಿಡಿದು ಅದುಮಲು ಹೇಳಿದರು. ಆ ಹಿಡಿತ ನೋವಾಗುವಷ್ಟು ಬಲವಾಗಿತ್ತು! ಅಂದರೆ ಕೈಯೆಲ್ಲವೂ ಸತ್ತಿರಲಿಲ್ಲ. ರೋಗವು ಕೆಲವು ನರಗಳನ್ನು ಮಾತ್ರ ಕೆಡಿಸಿ ಅಂಗೈಯ ಸಣ್ಣ ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಿತ್ತು. ಮುಂಗೈಯ ಬಲವಾದ ಸ್ನಾಯುಗಳು ಹಾಗೆಯೇ ಇದ್ದುವು. ಹಾಗಾದರೆ ಗಟ್ಟಿಯಾದ ಸ್ನಾಯುವೊಂದರ ಕಂಡರವನ್ನು ಬೇರೆಡೆಗೆ ತಿರುಗಿಸಿ ಹೊಲಿದು, ಸೋತ ಸ್ನಾಯುವಿನ ಕೆಲಸವನ್ನು ಅದರಿಂದ ಮಾಡಿಸಬಾರದೇಕೆ? ಈ ಯೋಚನೆಯಿಂದ ಹುಟ್ಟಿದ ಶಸ್ತ್ರಚಿಕಿತ್ಸೆಯಿಂದ ಬಾಗಿದ ಬೆರಳುಗಳು ಮತ್ತೆ ಬಿಚ್ಚಿಕೊಂಡುವು.

ಆದರೆ ಕತೆ ಇಲ್ಲಿಗೆ ಸುಖಾಂತವಾಗಲಿಲ್ಲ. ಗುಣವಾದವರು ಅಳಲು ಹೊತ್ತು ಹಿಂದಿರುಗಿದರು. ಮುಂಚೆ ಮೊಂಡುಗೈಯನ್ನು ಕಂಡು ಕಾಸು ಹಾಕುತ್ತಿದ್ದ ಜನ ಈಗ ಹಾಕುತ್ತಿರಲಿಲ್ಲ. ರೋಗದ ಗುರುತು ಮಾಸದ್ದರಿಂದ ಕೆಲಸ ಕೊಡುವವರೂ ಇರಲಿಲ್ಲ. ಕೈ ಬಂದಿತು, ಅನ್ನ ಹೋಯಿತು! ಶಸ್ತ್ರವೈದ್ಯನ ಚೂರಿ ಇಲ್ಲಿ ನಿರುಪಾಯವಾಯಿತು. ಆಗ ನೆರವಿಗೆ ಬಂದುದು ಹಳೆಯ ಬಡಗಿಯ ವಿದ್ಯೆ. ಕಾಲೇಜಿನ ಆವರಣದಲ್ಲಿ ಗುಡಿಸಲುಗಳೆದ್ದುವು. ಗುಣವಾದವರು ಅಲ್ಲಿ ಮರಗೆಲಸವನ್ನು ಕಲಿತು ಆಟಿಕೆಗಳನ್ನು ಮಾಡತೊಡಗಿದರು. ಕಲಿಸಿದವರು ಸ್ವತಃ ಡಾಕ್ಟರು.

ಒಮ್ಮೆ ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲು ಬ್ರ್ಯಾಂಡರಿಗೆ ಆಗಲಿಲ್ಲ. ರೋಗಿಯಾದ ಹುಡುಗನೊಬ್ಬನು ಬಂದು ಬೀಗದ ಕೈಯನ್ನು ಸಲೀಸಾಗಿ ತಿರುಗಿಸಿಬಿಟ್ಟನು. ನೋಡಿದರೆ ಅವನ ಬೆರಳು ಎಲುಬು ಕಾಣುವಷ್ಟು ಸೀಳಿತ್ತು. ಹುಡುಗನಿಗೆ ಅದರ ಅರಿವೇ ಇಲ್ಲ. ಬೆರಳುಗಳು ಕೊಳೆತು ಉದುರುವುದಿಲ್ಲ, ನೋವು ತಿಳಿಯದ್ದರಿಂದ ಗಾಯಗೊಂಡು ಸವೆಯುತ್ತವೆ ಎಂಬ ಸತ್ಯಕ್ಕೆ ಇಂಥ ಘಟನೆಗಳೇ ದಾರಿ ತೋರಿದುವು. ಅಂದಿನಿಂದ ಕೈಕಾಲುಗಳನ್ನು ನಿತ್ಯ ಪರೀಕ್ಷಿಸಿಕೊಳ್ಳುವುದು ಚಿಕಿತ್ಸೆಯಷ್ಟೇ ಮುಖ್ಯವೆನಿಸಿತು.

೧೯೬೬ರಲ್ಲಿ ಅಮೆರಿಕೆಗೆ ಹೋಗಿ ಅಲ್ಲಿಯೂ ಇದೇ ಸೇವೆಯನ್ನು ಮುಂದುವರಿಸಿದ ಬ್ರ್ಯಾಂಡರು ೨೦೦೩ರಲ್ಲಿ ನಿಧನರಾದರು. ಅವರ ಬಾಳಿನಿಂದ ನಾವು ಕಲಿಯಬೇಕಾದುದು ಇಷ್ಟೇ: ದಾನವು ಪಡೆದವನ ಕೈಗೆ ದುಡಿಯುವ ಬಲವನ್ನು ಕೊಟ್ಟಾಗಲೇ ಪೂರ್ಣವಾಗುವುದು. ಹೊಲಿಗೆಯೋ, ಲೆಕ್ಕ ಬರೆಯುವುದೋ, ಮಕ್ಕಳಿಗೆ ಅಕ್ಷರ ತಿದ್ದಿಸುವುದೋ—ಯಾವ ವಿದ್ಯೆಯನ್ನು ನಾವು ಅಲ್ಪವೆಂದು ಮೂಲೆಗಿಟ್ಟಿದ್ದೇವೆಯೋ ಅದನ್ನೇ ಕಾಯುತ್ತಿರುವ ಒಂದು ಕೈ ನಮ್ಮ ಬೀದಿಯಲ್ಲಿಯೇ ಇರಬಹುದಲ್ಲವೇ?